ಗಡ್ಡೆಮನೆಯಲ್ಲಿ ಹೆಣ್ಣು ನೋಡಿದ್ದು

ನಮ್ಮೂರಲ್ಲಿ ಸುಳ್ಳು ಹೇಳಬಾರದು ಅಂತ ಮಕ್ಕಳಿಗೆ ಯಾರೂ ಕಲಿಸಲ್ಲ. ಗಡ್ಡೆ ಹತ್ತಿರ ಹೇಳಬಾರದು ಅಂತ ಕಲಿಸ್ತೀವಿ, ಅಷ್ಟೆ. ಮಿಕ್ಕ ಕಡೆ ಅವರವರ ಯೋಗ್ಯತೆ. ನಾನು ಈ ಕಥೆ ಹೇಳ್ತಿರೋದು ನಮ್ಮ ಮನೆ ಜಗಲಿ ಮೇಲೆ ಕೂತು. ಇಲ್ಲಿಗೂ ಗಡ್ಡೆಮನೆಗೂ ನಡುವೆ ಎರಡು ಬೀದಿ, ಒಂದು ಹುಣಸೆ ತೋಪು ಇದೆ. ಮೊದಲೇ ಹೇಳಿಬಿಟ್ಟಿದ್ದೀನಿ, ಆಮೇಲೆ ನನ್ನನ್ನು ಅನ್ನಬೇಡಿ.

ಗಡ್ಡೆಮನೆ ಅಂದರೆ ಮಂಜುಗಡ್ಡೆ ಇಡೋ ಮನೆ. ದಿಬ್ಬದ ಮೇಲೆ ಊರ ಒಡೆಯರ ದೊಡ್ಡಮನೆ ಇದೆಯಲ್ಲ, ಅದರ ಬೆನ್ನಿಗೆ, ಬಡಗಲ ನೆರಳಲ್ಲಿ, ಬಾವಿಯಷ್ಟು ಆಳಕ್ಕೆ ಗುಂಡಿ ತೋಡಿ, ಸುತ್ತ ಇಟ್ಟಿಗೆ ಕಟ್ಟಿ, ಮೇಲೆ ಗುಮ್ಮಟ ಎಬ್ಬಿಸಿ, ಗುಮ್ಮಟಕ್ಕೆ ಮೊಣಕಾಲುದ್ದ ಹುಲ್ಲು ಹೊದಿಸಿದ್ದಾರೆ. ಚಳಿಗಾಲದಲ್ಲಿ ದೊಡ್ಡಮನೆ ಹೊಂಡದ ನೀರು ಬೆಳಗಾಗೋದ್ರೊಳಗೆ ಕಲ್ಲಾಗಿರುತ್ತೆ. ಆಗ ಊರಿಗೂರೇ ಗರಗಸ ಹಿಡಿದು ಇಳಿದು, ಗಡ್ಡೆಯನ್ನು ಹಲಗೆ ಹಲಗೆಯಾಗಿ ಕೊಯ್ದು, ಹಗ್ಗ ಹಾಕಿ ಎಳೆದು ತಂದು, ಗುಂಡಿಯೊಳಗೆ ಒಂದರ ಮೇಲೊಂದು ಪೇರಿಸಿ ಮಧ್ಯೆ ಮಧ್ಯೆ ಭತ್ತದ ಹೊಟ್ಟು ತುಂಬ್ತೀವಿ. ಮುಂದಿನ ಚಳಿಗಾಲದವರೆಗೂ ಜ್ವರ ಬಂದವರ ಹಣೆಗೆ ಅದೇ, ದೊಡ್ಡಮನೆ ಶರಬತ್ತಿಗೂ ಅದೇ.

ಬಿಸಿಲಿಗೆ ನಮ್ಮ ಗಡ್ಡೆ ಕರಗಲ್ಲ. ನಾನೇ ಒಂದು ಚೂರನ್ನು ಉರಿಯೋ ಒಲೆ ಪಕ್ಕ ಇಟ್ಟು ಬಾಯಿ ಮುಚ್ಚಿಕೊಂಡು ಮಧ್ಯಾಹ್ನದ ಅಡಿಗೆ ಪೂರ್ತಿ ಮುಗಿಸಿದ್ದೀನಿ, ಮೂಲೆ ಕೂಡ ಮೊಂಡಾಗಿರಲಿಲ್ಲ. ಕರಗೋದು ಸುಳ್ಳಿಗೆ. ಹೊರಗಿನೋರು ಬಂದಾಗ ಕೇಳ್ತಾರೆ, ಬಿಸಿಲಿನ ಭಯ ಇಲ್ಲದ ಮೇಲೆ ಹೊಟ್ಟು ಯಾಕೆ, ಹುಲ್ಲು ಯಾಕೆ, ಒಂದರ ಹಿಂದೆ ಒಂದು ಮೂರು ಬಾಗಿಲು ಯಾಕೆ ಅಂತ. ಮಾತು ಒಳಗೆ ಹೋಗದಿರಲಿ ಅಂತ.

ಊಟ ಆಯ್ತಾ ಅಂದವರಿಗೆ ಆಗದಿದ್ದರೂ ಆಯ್ತು ಅಂದರೆ ಒಂದು ಹನಿ. ನಿಮ್ಮನ್ನೇ ನೆನೆಸ್ಕೊಳ್ತಿದ್ದೆ ಅಂದರೆ ಒಂದು ಸೌಟು. ಪಕ್ಕದ ಮನೆ ಕೂಸನ್ನು ಎತ್ತಿಕೊಂಡು ಎಷ್ಟು ಮುದ್ದಾಗಿದೆ ಅಂದರೆ, ಕೂಸಿನ ಮುಖ ನೋಡಿಕೊಂಡು, ಚೊಂಬಿನಿಂದ ಹಿಡಿದು ಕೊಡದವರೆಗೂ ಹೋಗಬಹುದು. ಅದಕ್ಕೇ ಗಡ್ಡೆ ಹೇರಿದ ಗಾಡಿಯವರು ಬಾಯಿಗೆ ಟವಲು ಕಟ್ಟಿಕೊಂಡು ಹೋಗ್ತಾರೆ. ದಿಬ್ಬದ ಕೆಳಗೆ ನಡೀತಿದ್ದ ಬುಧವಾರದ ಸಂತೆಯನ್ನು ನಮ್ಮಜ್ಜಿ ಕಾಲದಲ್ಲೇ ಊರಾಚೆಗೆ ಓಡಿಸಿದರು. ನಮ್ಮ ಪಂಡಿತರು ರೋಗಿ ಹಣೆ ಮೇಲೆ ಗಡ್ಡೆ ಇಟ್ಟರೆ ಮುಗೀತು, ಏನೂ ಆಗಲ್ಲ ಹೆದರಬೇಡಿ ಅನ್ನೋ ಹಾಗಿಲ್ಲ, ಎತ್ತಿನ ವಿಚಾರ ಮಾತಾಡ್ತಾರೆ. ಮನೆಯವರು ಪಂಡಿತರ ಎತ್ತಿನ ಮಾತು ಎಷ್ಟು ಉದ್ದ ಹೋಯ್ತು ಅನ್ನೋದರ ಮೇಲೆ ಕಾಯಿಲೆ ಎಷ್ಟು ಜೋರು ಅಂತ ತಿಳ್ಕೊಳ್ತಾರೆ.

ಗುಂಡಿ ತಳದಲ್ಲಿ ಒಂದು ತೂಬಿದೆ. ಅದರ ಬಾಯಿ ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ತೆರೆಯುತ್ತೆ. ತೂಬಲ್ಲಿ ನೀರು ಬಂತು ಅಂದರೆ ಒಗೆಯೋ ಹೆಂಗಸರೆಲ್ಲ ಕೈ ನಿಲ್ಲಿಸಿ ತಲೆ ಎತ್ತಿ ದಿಬ್ಬದ ಕಡೆ ನೋಡ್ತಾರೆ, ಒಳಗೆ ಯಾರಪ್ಪಾ ಇರೋದು ಅಂತ.

ಇನ್ನು ನಾನು. ನನ್ನ ಹೆಸರು ಚೆನ್ನಾಜಮ್ಮ, ದೊಡ್ಡಮನೆ ಅಡಿಗೆಯವಳು. ಅಡಿಗೆಮನೆಯಲ್ಲಿ ಉಪ್ಪಿಲ್ಲದೆ ಇರಬಹುದು, ಸುಳ್ಳಿಲ್ಲದೆ ಇರಕ್ಕಾಗಲ್ಲ. ಇನ್ನೇನು ಆಯ್ತು ಎಲೆ ಹಾಕಿ ಅಂತ ನಾನು ಅಂದಾಗ ಅಕ್ಕಿ ಇನ್ನೂ ಮೊರದಲ್ಲಿರುತ್ತೆ. ಅದು ಸುಳ್ಳಲ್ಲ, ಪದ್ಧತಿ. ಗಡ್ಡೆಗೆ ಅಷ್ಟು ತಿಳುವಳಿಕೆ ಇಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಗಡ್ಡೆ ತರೋಕೆ ಅಂತ ನಾನೇ ಗುಂಡಿಗೆ ಇಳಿದಿದ್ದೆ. ಆಗಿನ ಕಾವಲುಗಾರ ಮುದುಕ ಸುಮ್ಮನಿರಲಾರದೆ, ಪಾಯಸದ ಗೋಡಂಬಿ ಎಲ್ಲಾ ಪಾತ್ರೆಗೇ ಬಿತ್ತಾ ಚೆನ್ನಾಜಿ ಅಂದ. ಒಂದೂ ನನ್ನ ಬಾಯಿಗೆ ಹೋಗಿಲ್ಲಪ್ಪ ಅಂದೆ. ಒಂದು ಇನ್ನೂ ಬಾಯಲ್ಲೇ ಇತ್ತು. ಎರಡು ಹಲಗೆ ಗಡ್ಡೆ ನನ್ನ ಕಣ್ಣೆದುರೇ ನೀರಾಗಿ ತೂಬು ಸೇರಿತು. ಅವತ್ತಿನಿಂದ ದಿಬ್ಬದ ಬೇವಿನ ಮರದ ಬುಡದಲ್ಲಿ ಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದಾರೆ. ಅದು ನನಗೋಸ್ಕರ ಎಳೆದಿದ್ದು. ಅದರಾಚೆ ನಾನು ಕಾಲಿಡೋ ಹಾಗಿಲ್ಲ. ವರ್ಷ ವರ್ಷ ಯುಗಾದಿಗೆ ಅದನ್ನು ಹೊಸದಾಗಿ ಬಳೀತಾರೆ, ಮರ್ಯಾದೆ ಅನ್ನೋದು ಎಲ್ಲಿಂದ ಬರಬೇಕು.

ನನ್ನ ತಮ್ಮ ಮುದ್ದಯ್ಯನದ್ದು ಇದಕ್ಕೆ ತದ್ವಿರುದ್ಧ. ಆ ಮುದುಕನ ನಂತರ ಗಡ್ಡೆಮನೆ ಬೀಗದಕೈ ಅವನ ಸೊಂಟಕ್ಕೆ ಬಂತು. ದಿನಾ ಗಡ್ಡೆ ಮಗ್ಗುಲಲ್ಲಿ ದುಡಿದು ದುಡಿದು ಅವನಿಗೆ ಸುಳ್ಳು ಹೇಳೋದೇ ಮರೆತುಹೋಗಿದೆ. ಹೊರಗೆ ಬಂದರೂ ಅದೇ ಚಾಳಿ. ಆರಡಿ ಆಳು, ಮನೆಗೆ ಬಂದು ಊಟಕ್ಕೆ ಕೂತು ಮೊದಲ ತುತ್ತಿಗೇ, ಅಕ್ಕಾ ಇವತ್ತು ಸಾರು ನೀರುನೀರಾಗಿದೆ ಅಂತಾನೆ. ಸಿಟ್ಟಿಲ್ಲ, ಸೆಡವಿಲ್ಲ, ಇವತ್ತು ಮಂಗಳವಾರ ಅಂದ ಹಾಗೆ ಅಂತಾನೆ. ನಮ್ಮವ್ವ ತೀರಿಕೊಂಡಾಗ ಅವನಿಗೆ ಮೂರು ವರ್ಷ, ನನಗೆ ಹದಿನೈದು. ಕಂಕುಳಲ್ಲಿ ತಮ್ಮನನ್ನು ಇಟ್ಟುಕೊಂಡು ಬರೋ ಹುಡುಗಿಯನ್ನು ಯಾರು ಮಾಡ್ಕೊಳ್ತಾರೆ, ನನ್ನ ಮದುವೆ ಆಗಲಿಲ್ಲ. ಅದರ ಬಗ್ಗೆ ನನಗೇನೂ ಬೇಜಾರಿಲ್ಲ ಅಂತ ಎಲ್ಲರಿಗೂ ಹೇಳ್ತಾ ಬಂದಿದ್ದೀನಿ, ಈ ಜಗಲಿ ಮೇಲೆ ಕೂತು.

ಅವನಿಗೆ ಹೆಣ್ಣು ಹುಡುಕಿ ಹುಡುಕಿ ನನ್ನ ಕಾಲು ಸವೆದವು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಒಂಬೈನೂರ ತೊಂಬತ್ತೊಂಬತ್ತು ನಾನು ಹೇಳಿಯೇನು, ಮಿಕ್ಕ ಒಂದನ್ನಾದರೂ ಮದುಮಗ ಹೇಳಬೇಡವೇ. ಮೊದಲನೇ ಮನೆಯಲ್ಲಿ ಉಪ್ಪಿಟ್ಟು ಹೇಗಿದೆ ಅಂತ ಯಾರೋ ಕೇಳಿದರು. ರವೆ ಹುರಿದಿಲ್ಲ ಅಂದ. ಎರಡನೇ ಮನೆ ಹುಡುಗಿ ಹಾಡು ಹೇಳಿದಳು, ಹೇಗಿತ್ತು ಅಂತ ಯಾರೋ ಕೇಳಿದರು. ಯಾವಾಗ ಮುಗಿಯುತ್ತೋ ಅಂತ ಕಾಯ್ತಿದ್ದೆ ಅಂದ. ಮೂರನೇ ಕಡೆ ಮಾವನಾಗೋರ ಬಗ್ಗೆ ಯಾರೋ ತಮಾಷೆಗೆ ಕೇಳಿದ್ದಕ್ಕೆ, ಕಳ್ಳ ನೋಟ ಅಂದ. ನಾಲ್ಕನೇದು ಕೂಡಿಯೇ ಬಂದಿತ್ತು, ಹೊಸಿಲು ದಾಟೋ ಹೊತ್ತಲ್ಲಿ, ಹಿಂದೆ ಎಷ್ಟು ಹೆಣ್ಣು ನೋಡಿದ್ದೀರಿ ಅಂತ ಯಾರೋ ಬಾಯಿ ಬಿಟ್ಟರು. ಮೂರು, ಮೊದಲನೆಯವಳು ಇವರಿಗಿಂತ ಚೆನ್ನಾಗಿದ್ದಳು ಅಂದ. ನಾವು ಚಪ್ಪಲಿ ಕೈಯಲ್ಲಿ ಹಿಡಿದು ಬಂದೆವು.

ಪ್ರತಿ ಸಲ ನಾನು ಊರಿನವರ ಮುಂದೆ ಹಣೆ ಚಚ್ಚಿಕೊಂಡು ಒಂದೇ ಮಾತು ಹೇಳ್ತಿದ್ದೆ. ಇವನೊಬ್ಬ ಒಂದು ದಡ ಸೇರಿದರೆ ನಾನು ನಿರಾಳವಾಗಿ ಕಾಲು ಚಾಚಿ ಮಲಗ್ತೀನಿ ಅಂತ. ಹದಿನೈದು ವರ್ಷ ಹೇಳಿದ್ದೀನಿ. ಊರಲ್ಲಿ ಹಾಲು ಹಾಕೋನಿಗೂ ಆ ಮಾತು ಬಾಯಿಪಾಠ.

ಐದನೇ ಸಂಬಂಧ ಗುಡ್ಡದಾಚೆಯ ಊರಿನದು. ಬೆಲ್ಲದ ಗಾಣದ ಗಿರಿಯಪ್ಪನವರು, ಅವರ ಮಗಳು ದೇವೀರಿ. ಹುಡುಗಿಗೆ ಇಪ್ಪತ್ತೊಂಬತ್ತು. ಹಿಂದೆ ಎರಡು ಕಡೆ ಮಾತಾಗಿ ಮುರಿದಿತ್ತು. ಒಬ್ಬ ಮದುವೆ ಆಗಿಲ್ಲ ಅಂದಿದ್ದ, ಆಗಿತ್ತು. ಇನ್ನೊಬ್ಬ ಶಾಲೆ ಮೇಷ್ಟ್ರು ಅಂದಿದ್ದ, ಶಾಲೆ ಗಂಟೆ ಹೊಡೆಯೋನು. ಅವರು ನಮ್ಮ ಮನೆಗೇ ಬರ್ತೀವಿ ಅಂತ ಹೇಳಿ ಕಳಿಸಿದ್ದರಿಂದ ನಾನು ಎಲ್ಲ ಸಜ್ಜು ಮಾಡಿದ್ದೆ. ಮುದ್ದಯ್ಯನಿಗೆ ಇಪ್ಪತ್ತೆಂಟು ಅಂತ ಹೇಳೋದು, ನಿಜವಾಗಿ ಮೂವತ್ತನಾಲ್ಕು. ಅವನು ತುಟಿ ಬಿಚ್ಚದ ಹಾಗೆ ಬಾಯಿ ತುಂಬ ಎಲೆ ಅಡಿಕೆ ತುರುಕೋದು. ದೊಡ್ಡ ವೀಳ್ಯದೆಲೆಯನ್ನೇ ಆರಿಸಿ ಇಟ್ಟಿದ್ದೆ, ಒಂದೊಂದೂ ಅಂಗೈ ಅಗಲ.

ಬಂದರು, ಕೂತರು. ಗಿರಿಯಪ್ಪನವರು ಒಳ್ಳೆ ಗಾತ್ರದ ಮನುಷ್ಯ, ಜರಿ ಪೇಟ, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳೋ ಅಭ್ಯಾಸ. ಹುಡುಗಿ ತಲೆ ತಗ್ಗಿಸಿ ಕೂರಲಿಲ್ಲ. ನಮ್ಮ ಗೋಡೆ, ಮಾಡು, ನನ್ನ ಮುಖ, ತಮ್ಮನ ಉಬ್ಬಿದ ಕೆನ್ನೆ ಎಲ್ಲಾ ಒಂದು ಸುತ್ತು ನೋಡಿದಳು. ಹುಡುಗನಿಗೆ ಇಪ್ಪತ್ತೆಂಟು ಅಂತ ನಾನು ಅಂದೆ. ಅವಳು ನನ್ನನ್ನೇ ನೋಡಿಕೊಂಡು ಹೇಳಿದಳು, "ಅಕ್ಕಾ, ತಪ್ಪು ತಿಳೀಬೇಡಿ. ನನಗೆ ಎರಡು ಸಲ ಏಟು ಬಿದ್ದಿದೆ. ನಿಮ್ಮೂರ ಗಡ್ಡೆ ವಿಚಾರ ನಮ್ಮೂರಲ್ಲೂ ಗೊತ್ತು. ಮಾತುಕತೆ ಏನಿದ್ದರೂ ಅಲ್ಲೇ ಕೂತು ಆಡೋಣ. ಇಲ್ಲದಿದ್ದರೆ ಈಗಲೇ ಗಾಡಿ ಹತ್ತುತ್ತೀನಿ."

ನಾನು ಗಿರಿಯಪ್ಪನವರ ಕಡೆ ನೋಡಿದೆ. ಅವರೂ ಹೋಗೋಕೆ ಒಲ್ಲದವರ ಹಾಗೆ ಪೇಟ ಸರಿಮಾಡಿಕೊಂಡರು. ಮುದ್ದಯ್ಯ ಎದ್ದು ಅಂಗಳಕ್ಕೆ ಹೋಗಿ ಎಲೆ ಅಡಿಕೆ ಪೂರ್ತಿ ಉಗಿದು ಬಂದು, "ಆಗಲಿ" ಅಂದ. ಅವನ ಮುಖದಲ್ಲಿ ಅಂಥ ಕಳೆ ನಾನು ನೋಡಿದ್ದೇ ಇಲ್ಲ.

ಆದರೆ ಗಡ್ಡೆಮನೆಗೆ ಜನ ಇಳಿಯಬೇಕಾದರೆ ದೊಡ್ಡಮ್ಮಣ್ಣಿಯವರ ಅಪ್ಪಣೆ ಬೇಕು. ದೊಡ್ಡಮನೆ ಹಿರಿಯರು ಅವರು, ಇನ್ನು ಎಂಟು ದಿನಕ್ಕೆ ಎಂಬತ್ತು ತುಂಬೋದಿತ್ತು. ಆ ಹಬ್ಬಕ್ಕೆ ನೆಂಟರೆಲ್ಲ ಸೇರೋರಿದ್ದರು, ಅಮ್ಮಣ್ಣಿಯವರ ಆಸೆ ಮಾತ್ರ ಒಂದೇ, ಗಡ್ಡೆ ತೇಲಿಸಿದ ಸೊಗದೆ ಬೇರಿನ ಶರಬತ್ತು ಒಂದು ಲೋಟ. ಗುಂಡಿಯಲ್ಲಿ ಉಳಿದಿದ್ದದ್ದು ಇಪ್ಪತ್ತೆರಡು ಹಲಗೆ, ಮುಂದಿನ ಚಳಿಗೆ ಇನ್ನೂ ಏಳು ತಿಂಗಳು. ಹಾಗಾಗಿ ಬೈದು ಕಳಿಸ್ತಾರೆ ಅಂತ ನಾನು ಒಳಗೊಳಗೇ ನಂಬಿಕೊಂಡು ಹೋಗಿ ನಿಂತೆ.

ಅವರು ಪೂರ್ತಿ ಕೇಳಿ, ಬೊಚ್ಚು ಬಾಯಲ್ಲಿ ನಕ್ಕರು. "ಎಂಬತ್ತು ವರ್ಷ ಬರೀ ಹೊಗಳಿಕೆ ಕೇಳಿ ಕಿವಿ ಜಿಡ್ಡು ಹಿಡಿದಿದೆ ಕಣೆ ಚೆನ್ನಾಜಿ. ನಾನೂ ಬರ್ತೀನಿ. ನಿನ್ನ ಗೆರೆ ಇವತ್ತು ಒಂದು ದಿನ ಅಳಿಸಿದೆ ಅಂದ್ಕೋ. ಆದರೆ ಒಂದು ಮಾತು, ನನ್ನ ಶರಬತ್ತಿಗೆ ಗಡ್ಡೆ ಉಳೀಬೇಕು. ಉಳಿಯದಿದ್ದರೆ ಮುದ್ದಯ್ಯ ಬೀಗದಕೈ ಬಿಚ್ಚಿ ನನ್ನ ಕೈಗೆ ಕೊಟ್ಟು ಹೋಗಲಿ." ಬೀಗದಕೈ ಹೋದರೆ ಅವನಿಗೆ ಬೇರೆ ಕೆಲಸ ಎಲ್ಲಿ, ನಿಜ ಬಿಟ್ಟು ಬೇರೆ ಮಾತು ಬರದವನನ್ನು ಯಾರು ಇಟ್ಕೊಳ್ತಾರೆ.

ಗಡ್ಡೆ ಎಳೆಯೋ ಹಗ್ಗಕ್ಕೆ ಕುರ್ಚಿ ಕಟ್ಟಿ ಅಮ್ಮಣ್ಣಿಯವರನ್ನು ಗುಂಡಿಗೆ ಇಳಿಸಿದರು. ಹಗ್ಗ ಹಿಡಿದ ಆಳುಗಳು, ಹಗುರವಾಗಿದ್ದೀರಿ ಅಮ್ಮಣ್ಣಿ ಅನ್ನೋದಕ್ಕೂ ಹೆದರಿ ಹಲ್ಲು ಕಚ್ಚಿಕೊಂಡು ಇಳಿಸಿ ಹೊರಗೆ ಹೋದರು. ಗಿರಿಯಪ್ಪನವರು ಏಣಿಯ ಒಂದೊಂದು ಮೆಟ್ಟಿಲಿಗೂ ದೇವರನ್ನು ನೆನೆದರು. ನಡು ಬೇಸಿಗೆಯಲ್ಲಿ ನಾವು ಐದು ಜನ ಕಂಬಳಿ ಹೊದ್ದು, ಒಂದು ಲಾಂದ್ರದ ಸುತ್ತ ಹುಲ್ಲಿನ ಮೇಲೆ ಕೂತೆವು. ಪಕ್ಕದಲ್ಲಿ ಇಪ್ಪತ್ತೆರಡು ಹಲಗೆ ಗಡ್ಡೆ, ಕಾಲ ಬಳಿ ತೂಬಿನ ಜಾಲರಿ. ತಮ್ಮನಿಗೆ ಅಂತ ಆರಿಸಿಟ್ಟಿದ್ದ ಎಲೆಗಳನ್ನೆಲ್ಲ ಮಡಿಸಿ ನಾನು ನನ್ನ ಬಾಯಿಗೇ ತುಂಬಿಕೊಂಡಿದ್ದೆ.

ಗಿರಿಯಪ್ಪನವರು ಗಂಟಲು ಸರಿಮಾಡಿಕೊಂಡರು. "ನಮ್ಮದು ನೂರಿಪ್ಪತ್ತು ತೆಂಗಿನ ಮರದ ಹಿತ್ತಲು." ಗೋಡೆ ಬದಿಯಲ್ಲಿ ಒಂದು ಹಲಗೆ ಸೊಯ್ಯಂತ ಕುಸಿದು ನೀರಾಯಿತು. ಅವರು ಬೆಚ್ಚಿ, "ಎಂಬತ್ತು" ಅಂದರು. ಇನ್ನೊಂದು ಹೋಯ್ತು. "ಐವತ್ತು, ಸಣ್ಣವೂ ಸೇರಿ." ಮತ್ತೊಂದು. "ಅಪ್ಪಾ" ಅಂದಳು ದೇವೀರಿ. "ಹದಿನೆಂಟು" ಅಂದರು ಗಿರಿಯಪ್ಪನವರು. ಸದ್ದು ನಿಂತಿತು. ಎಲ್ಲರೂ ಉಸಿರು ಬಿಟ್ಟೆವು. ಅವರಿಗೆ ಸುಮ್ಮನಿರಕ್ಕಾಗಬೇಕಲ್ಲ, "ಎಲ್ಲಾ ಫಲ ಬಿಡೋ ಮರಗಳೇ" ಅಂದರು. ಎರಡು ಹಲಗೆ ಒಟ್ಟಿಗೆ. "ನಾಲ್ಕು ಬಂಜೆ ಮರ" ಅಂತ ಒಪ್ಪಿಕೊಂಡರು. ಗಾಣ ಸ್ವಂತದ್ದು ಅಂದಾಗ ಎರಡು, ಅಣ್ಣನ ಜೊತೆ ಪಾಲಿನದು ಅನ್ನೋಕೆ ಮುಂಚೆ. ತಮಗೆ ಪೇಟ ಕಟ್ಟೋದು ಇಷ್ಟ ಇಲ್ಲ, ಜನ ಬಲವಂತ ಮಾಡ್ತಾರೆ ಅಂದಾಗ ಇನ್ನೆರಡು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತ ನನಗೆ ಹೇಳಬೇಕು ಅನ್ನಿಸ್ತು, ಬಾಯಿ ತುಂಬ ಎಲೆ ಇತ್ತು. ಅಮ್ಮಣ್ಣಿಯವರು ಸೆರಗಲ್ಲಿ ಕಣ್ಣೊರೆಸಿಕೊಂಡು ನಗ್ತಿದ್ದರು. ಗಡ್ಡೆ ಹದಿಮೂರಕ್ಕೆ ಇಳಿದಿತ್ತು.

"ಇನ್ನು ನಾವು ಮಾತಾಡ್ತೀವಿ" ಅಂದಳು ದೇವೀರಿ. ಮುದ್ದಯ್ಯನ ಕಡೆ ತಿರುಗಿ, "ನಿಮಗೆ ಎಷ್ಟು ವಯಸ್ಸು" ಅಂದಳು.

"ಮೂವತ್ತನಾಲ್ಕು."

ಅವಳು ನನ್ನ ಕಡೆ ನೋಡಲಿಲ್ಲ, ಅಷ್ಟು ದೊಡ್ಡ ಮನಸ್ಸು. "ನನ್ನನ್ನ ನೋಡಿ ಏನನ್ನಿಸ್ತು?"

"ಹಲ್ಲು ಒಂಚೂರು ಮುಂದಿದೆ. ನಗುವಾಗ ಅದೇ ಚೆನ್ನಾಗಿ ಕಾಣುತ್ತೆ. ನಿಮ್ಮನ್ನ ಕಂಡರೆ ನನಗೆ ಸ್ವಲ್ಪ ಹೆದರಿಕೆ. ಆದರೂ ನೀವು ಎದ್ದು ಹೋಗದಿದ್ದರೆ ಸಾಕು ಅನ್ನಿಸ್ತಿದೆ."

ಒಂದು ಹನಿ ಬೀಳಲಿಲ್ಲ. ನಾನು ಅಗಿಯೋದನ್ನು ನಿಲ್ಲಿಸಿದೆ. ಒಬ್ಬ ಗಂಡಸು ಒಬ್ಬ ಹೆಣ್ಣಿಗೆ ಅಷ್ಟು ಮಾತಾಡಿ ಗಡ್ಡೆ ಒಣಗಿದ ಹಾಗೇ ಕೂತಿದ್ದನ್ನು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ಆಮೇಲೆ ಅವಳು ಹೇಳಿದಳು, ತನಗೆ ಅಡಿಗೆ ಬರಲ್ಲ, ಮುದ್ದೆ ಗಂಟಾಗುತ್ತೆ, ಬೆಳಿಗ್ಗೆ ಎದ್ದ ಮೇಲೆ ಒಂದು ಗಳಿಗೆ ಯಾರ ಜೊತೆಗೂ ಮಾತಾಡೋಕೆ ಇಷ್ಟ ಇಲ್ಲ, ಆದರೆ ಗಾಣದ ಎತ್ತು ಹೊಡೆಯೋದರಲ್ಲಿ, ಗರಗಸ ಹಿಡಿಯೋದರಲ್ಲಿ ಗಂಡಸಿಗೆ ಕಡಿಮೆ ಇಲ್ಲ. ಹನಿ ಬೀಳಲಿಲ್ಲ. ತಾನು ದಿನಾ ರಾತ್ರಿ ಗೊರಕೆ ಹೊಡೀತೀನಿ ಅಂತ ಇವನು, ತಾನೂ ಅಂತ ಅವಳು. ಹೀಗೆ ಇಬ್ಬರೂ ತಮ್ಮ ತಮ್ಮ ಹುಳುಕನ್ನೆಲ್ಲ ಎಣಿಸಿ ಮುಂದಿಟ್ಟು ಖುಷಿಯಾಗಿ ಕೂತಿದ್ದರು. ನನಗೆ ಮೈ ಉರಿದುಹೋಯ್ತು. ಚಳಿಗೆ ಇರಬೇಕು ಅಂದ್ಕೊಂಡೆ.

ಆಗ ದೇವೀರಿ ನನ್ನ ಕಡೆ ತಿರುಗಿದಳು. "ಅಕ್ಕಾ, ಮದುವೆ ಆದರೆ ನಾವಿಬ್ಬರೂ ಹೊಂಡದ ಹತ್ತಿರ ಬೇರೆ ಮನೆ ಮಾಡ್ಕೊಂಡು ಇರ್ತೀವಿ. ಮುದ್ದಯ್ಯನೋರನ್ನ ಸಾಕಿದೋರು ನೀವು. ನಿಮಗೆ ಒಪ್ಪಿಗೆ ಉಂಟಾ?"

ಎಲೆ ಅಡಿಕೆ ಉಗಿದೆ. ಯೋಚನೆ ಮಾಡೋಕೆ ಏನಿತ್ತು, ಹದಿನೈದು ವರ್ಷದ ಬಾಯಿಪಾಠ. "ಅಯ್ಯೋ, ಒಪ್ಪಿಗೆ ಕೇಳಬೇಕಾ ತಾಯಿ? ಇವನೊಬ್ಬ ಒಂದು ದಡ ಸೇರಿದರೆ ನಾನು ನಿರಾಳವಾಗಿ ಕಾಲು ಚಾಚಿ ಮಲಗ್ತೀನಿ."

ಮೊದಲು ಏನೂ ಆಗಲಿಲ್ಲ. ಆಮೇಲೆ ಗಡ್ಡೆ ಸಾಲಿಗೆ ಸಾಲೇ ಮುಂದಕ್ಕೆ ವಾಲಿತು. ಹನಿಯಲ್ಲ, ಸೌಟಲ್ಲ, ಕೊಡವಲ್ಲ, ಹೊಳೆ ಬಂದ ಹಾಗೆ ಬಂತು. ಲಾಂದ್ರ ಆರುತ್ತೆ ಅಂತ ಮುದ್ದಯ್ಯ ಅದನ್ನು ಎತ್ತಿ ಹಿಡಿದ. ತೂಬು ನುಂಗಲಾರದೆ ಗೊಳಗೊಳ ಅಂತು, ನೀರು ಕಣಕಾಲು ಮುಟ್ಟಿತು, ಹುಲ್ಲೆಲ್ಲ ತೇಲಿತು. ಹೊರಗೆ ಒಗೆಯೋ ಕಲ್ಲಿನ ಕಡೆಯಿಂದ ಹೆಂಗಸರು ಕೂಗಾಡೋದು ಮೂರು ಬಾಗಿಲು ದಾಟಿ ಕೇಳಿಸ್ತು. ಯಾರದೋ ಒಗೆದ ಸೀರೆ ಕೊಚ್ಚಿಕೊಂಡು ಹೋಯ್ತು ಅಂತ ಆಮೇಲೆ ತಿಳೀತು.

"ಗಿರಿಯಪ್ಪನೋರೇ" ಅಂದೆ, "ಮನಸ್ಸಲ್ಲೇ ಸುಳ್ಳು ಹೇಳಬೇಡಿ."

"ನಾನು ಎತ್ತಿನ ವಿಚಾರ ಯೋಚನೆ ಮಾಡ್ತಿದ್ದೆ ಕಣಮ್ಮಾ" ಅಂದರು ಅವರು, ಪೇಟ ಕಂಕುಳಲ್ಲಿ ಇಟ್ಟುಕೊಂಡು.

"ಹನ್ನೊಂದು ಹಲಗೆ ಹೋಯ್ತು ಅಕ್ಕಾ" ಅಂದ ಮುದ್ದಯ್ಯ. "ಎರಡು ಉಳಿದಿದೆ."

"ನೋಡೋ, ನಾನು ಹೇಳಿದ್ದು ನಿಜಾನೇ. ನೀನು ಹೋದರೆ ನನಗೇನೂ ಬೇಸರ ಇಲ್ಲ."

ಒಂದು ಉಳಿಯಿತು.

"ಚೆನ್ನಾಜಿ, ಬಾಯಿ ಮುಚ್ಚು" ಅಂದರು ದೊಡ್ಡಮ್ಮಣ್ಣಿ. ಈಗ ನಗ್ತಿರಲಿಲ್ಲ. ಕಾಲು ಎರಡನ್ನೂ ಕುರ್ಚಿ ಮೇಲೆ ಎತ್ತಿಕೊಂಡಿದ್ದರು. "ಅದು ನನ್ನ ಶರಬತ್ತು. ಅವನ ಬೀಗದಕೈಯೂ ಅದೇ. ಅವನ ಮದುವೆಯೂ ಅದೇ ಅನ್ಕೋ. ಇನ್ನು ಬಾಯಿ ಬಿಟ್ಟರೆ ನಿಜ ಬರಬೇಕು, ಬರದಿದ್ದರೆ ಬಿಡಬೇಡ."

ದೇವೀರಿ ತಾನು ಕೇಳಿದ ಪ್ರಶ್ನೆಗೆ ಉತ್ತರ ಬರಲಿ ಅಂತ ಕಾದಳು. ಏಟು ತಿಂದವಳು, ಅರ್ಧ ಉತ್ತರಕ್ಕೆ ಎದ್ದು ಹೋಗೋಳಲ್ಲ, ಅರ್ಧ ಉತ್ತರ ಇಟ್ಟುಕೊಂಡು ತಾಳಿ ಕಟ್ಟಿಸಿಕೊಳ್ಳೋಳೂ ಅಲ್ಲ. ನಾನು ಆ ಒಂದು ಹಲಗೆಯನ್ನು ನೋಡಿದೆ. ನನಗೆ ಏನು ನಿಜ ಅಂತಲೇ ಗೊತ್ತಿಲ್ಲವಲ್ಲಪ್ಪಾ ಅನ್ನಿಸ್ತು. ಒಂದೊಂದು ಮಾತನ್ನೂ ನಾಲಿಗೆ ತುದಿಗೆ ತಂದು ತಂದು ವಾಪಸು ನುಂಗಿದೆ. ಅಡಿಗೆಮನೆಯಲ್ಲಿ ಇಷ್ಟು ಹೊತ್ತಿಗೆ ಹತ್ತು ಮಾತು ಹುಟ್ಟಿಸಿರ್ತಿದ್ದೆ.

ಆಗಲೇ, ಯಾರೋ ಕೇಳಿದರು, ಯಾರೋ ಕೇಳಿದರು ಅಂತ ನಾಲ್ಕು ಸಲ ಹೇಳಿದೆನಲ್ಲ, ನೆನಪಿದೆಯಾ? ಜಗಲಿ ಮೇಲೆ ಹೇಳಿದ್ದು ಅದು. ಗುಂಡಿಯೊಳಗೆ ಹಾಗೆ ಹೇಳಕ್ಕಾಗಲಿಲ್ಲ.

"ಉಪ್ಪಿಟ್ಟು ಹೇಗಿದೆ ಅಂತ ಕೇಳಿದೋಳು ನಾನು" ಅಂದೆ. ಕಣ್ಣು ಮುಚ್ಚಿಕೊಂಡಿದ್ದೆ. ಸದ್ದಿಲ್ಲ. "ಹಾಡು ಹೇಗಿತ್ತು ಅಂತ, ಮಾವನಾಗೋರು ಹೇಗೆ ಅಂತ ಕೇಳಿದೋಳೂ ನಾನು. ಎಷ್ಟು ಹೆಣ್ಣು ನೋಡಿದ್ದೀಯ ಅಂತ ಹೊಸಿಲ ಹತ್ತಿರ ಕೇಳಿದೋಳೂ ನಾನೇ. ಕೇಳಿದರೆ ಇವನು ಏನು ಹೇಳ್ತಾನೆ ಅಂತ ನನಗೆ ಗೊತ್ತಿತ್ತು. ಹೆಣ್ಣು ಹುಡುಕಿದ್ದೂ ನಾನು, ಕೆಡಿಸಿದ್ದೂ ನಾನು." ಸದ್ದಿಲ್ಲ. "ಇವನು ಹೋದರೆ ನಾನು ಕಾಲು ಚಾಚೋದಿಲ್ಲ, ಮುದುಡಿಕೊಂಡು ಮಲಗ್ತೀನಿ. ಸಾರು ನೀರಾಗಿದೆ ಅಂತ ಹೇಳೋರು ಯಾರೂ ಇರಲ್ಲ. ದೊಡ್ಡಮನೆಯಲ್ಲಿ ನೂರು ಜನ ಉಂಡು ಚೆನ್ನಾಗಿದೆ ಅಂತಾರೆ, ಒಬ್ಬರನ್ನೂ ನಾನು ನಂಬಲ್ಲ. ಇವನೊಬ್ಬ ಹೇಳಿದ್ದನ್ನ ನಂಬ್ತೀನಿ. ಇವನು ಹೋಗಬಾರದು ಅಂತ ನನಗೆ ಆಸೆ. ಇವನಿಗೆ ಮದುವೆ ಆಗಲಿ ಅಂತಲೂ ಆಸೆ. ಎರಡೂ ಇದೆ, ನಾನೇನು ಮಾಡಲಿ."

ಕಣ್ಣು ಬಿಟ್ಟೆ. ಹಲಗೆ ಇದ್ದ ಹಾಗೇ ಇತ್ತು. ಎರಡೂ ನಿಜ ಅಂತ ಗಡ್ಡೆ ಒಪ್ಪಿತ್ತು. ಅವತ್ತು ನಾನು ಅತ್ತೆ, ಅದೂ ನಾಲ್ಕು ಜನರ ಎದುರಿಗೆ, ಮುಚ್ಚಿಡೋದು ಏನಿದೆ.

ಮುದ್ದಯ್ಯ ಲಾಂದ್ರವನ್ನು ಮಾವನಾಗೋರ ಕೈಗೆ ಕೊಟ್ಟು ಬಂದು ನನ್ನ ಪಕ್ಕ ನೀರಲ್ಲೇ ಕೂತ. "ನನಗೆ ಗೊತ್ತಿತ್ತು ಅಕ್ಕಾ" ಅಂದ.

"ಗೊತ್ತಿತ್ತಾ? ಮತ್ತೆ ಯಾಕೋ ಹೇಳಲಿಲ್ಲ?"

"ನೀನು ಕೇಳಲಿಲ್ಲ."

ಅದಕ್ಕೂ ಹನಿ ಬೀಳಲಿಲ್ಲ. ಹಾಗಾದರೆ ಹೌದು, ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ಮನೆಯಲ್ಲಿ ಅಕ್ಕ ಕೇಳಿದ್ದಕ್ಕೆಲ್ಲ ನೆಟ್ಟಗೆ ಉತ್ತರ ಕೊಟ್ಟಿದ್ದ, ಆ ಮುಠ್ಠಾಳ.

ದೇವೀರಿ ಸೀರೆ ನೆರಿಗೆ ಹಿಂಡಿಕೊಂಡು ಬಂದು ನನ್ನೆದುರು ನಿಂತಳು. "ಅಕ್ಕಾ, ನಿಮ್ಮ ಜೊತೆ ಒಂದೇ ಮನೇಲಿ ಇರೋಕೆ ನನಗೆ ಇಷ್ಟ ಅಂತ ಹೇಳೋಣ ಅಂತಿದ್ದೆ. ಗಡ್ಡೆ ಒಂದೇ ಇದೆ, ಬೇಡ. ಆದರೆ ನನಗೆ ಅಡಿಗೆ ಬರಲ್ಲ ಅನ್ನೋದು ನಿಜ. ದಿನಾ ಊಟಕ್ಕೆ ನಿಮ್ಮನೆಗೇ ಬರ್ತೀವಿ." ಗಡ್ಡೆ ಗಟ್ಟಿಯಾಗಿ ನಿಂತಿತ್ತು. ಅಷ್ಟರಲ್ಲಿ ಗಿರಿಯಪ್ಪನವರು ಸಂತೋಷ ತಡೆಯಲಾರದೆ ಗಂಟಲು ಸರಿಮಾಡಿಕೊಂಡರು. ನಾವು ನಾಲ್ಕು ಜನವೂ ಒಟ್ಟಿಗೆ ಅವರ ಬಾಯಿ ಮುಚ್ಚಿದೆವು.

ಎಂಟನೇ ದಿನ ಹಬ್ಬ. ನೆಂಟರಿಗೆಲ್ಲ ಬೆಲ್ಲದ ಪಾನಕ, ಅಮ್ಮಣ್ಣಿಯವರಿಗೆ ಮಾತ್ರ ಗಡ್ಡೆ ತೇಲಿಸಿದ ಶರಬತ್ತು. ಹೊಗಳೋಕೆ ಅಂತ ಯಾರೇ ಹತ್ತಿರ ಬರಲಿ, ಅವರು ಲೋಟ ಮುಂದಕ್ಕೆ ಹಿಡೀತಿದ್ದರು. ಬಂದವರು ಲೋಟ ನೋಡಿ, ತೆರೆದ ಬಾಯಿ ಮುಚ್ಚಿ, ಕಾಲಿಗೆ ಬಿದ್ದು ಹಿಂದೆ ಸರೀತಿದ್ದರು. ನೀವಿನ್ನೂ ಚಿಕ್ಕ ಹುಡುಗಿ ಥರ ಇದ್ದೀರಿ ಅಂತ ಆ ವರ್ಷ ಯಾರೂ ಅನ್ನಲಿಲ್ಲ. ಇಡೀ ಮಧ್ಯಾಹ್ನ ಅವರು ಒಂದೇ ಚೂರು ಗಡ್ಡೆಯಲ್ಲಿ ಮೂರು ಲೋಟ ಕುಡಿದರು. ನನ್ನ ಸುಣ್ಣದ ಗೆರೆಯನ್ನು ಮಾರನೇ ದಿನವೇ ಮತ್ತೆ ಬಳಿಸಿದರು, ಈ ಸಲ ಎರಡು ಸಾಲು.

ಮದುವೆ ಆಷಾಢಕ್ಕೆ ಮುಂಚೆ ಆಯ್ತು. ಹೊಂಡದ ಹತ್ತಿರ ಮನೆ ಮಾಡಿದರು. ಮಾರನೇ ಮಧ್ಯಾಹ್ನ ಇಬ್ಬರೂ ಊಟಕ್ಕೆ ಬಂದರು. ಅವತ್ತು ಬೆಳಗ್ಗೆಯಿಂದ ನನ್ನ ಕೈಗೂ ಮನಸ್ಸಿಗೂ ಹೊಂದಿಕೆ ಇರಲಿಲ್ಲ, ಒಬ್ಬಳೇ ಮನೆಯಲ್ಲಿ ಎದ್ದಿದ್ದು ಅದೇ ಮೊದಲು. ಎಲೆ ಹಾಕಿದೆ, ಅನ್ನ ಬಡಿಸಿದೆ, ಸಾರು ಬಡಿಸಿದೆ. ಮುದ್ದಯ್ಯ ಒಂದು ತುತ್ತು ಬಾಯಿಗಿಟ್ಟು ಅಗಿದ. ನಾನು ಸೌಟು ಹಿಡಿದು ನಿಂತೆ. ಕೇಳಬಾರದು ಅಂದುಕೊಂಡೆ, ಬಾಯಿ ಕೇಳಲಿಲ್ಲ.

"ಸಾರು ಹೇಗಿದೆಯೋ?"

ಅವನು ತಲೆ ಎತ್ತಿ ನನ್ನ ಮುಖ ನೋಡಿದ. ಎಷ್ಟೋ ಹೊತ್ತು ನೋಡಿದ. "ಚೆನ್ನಾಗಿದೆ ಅಕ್ಕಾ" ಅಂದ.

ದೇವೀರಿ ಒಂದು ತುತ್ತು ತಿಂದು, "ಉಪ್ಪೇ ಹಾಕಿಲ್ಲ ಅಕ್ಕಾ" ಅಂದಳು.

ಬೆರಳಲ್ಲಿ ಅದ್ದಿ ನೋಡಿದೆ. ಹೌದು, ಒಂದು ಕಲ್ಲು ಉಪ್ಪು ಬಿದ್ದಿರಲಿಲ್ಲ. ಹುಟ್ಟಿದಾಗಿನಿಂದ ನನ್ನ ತಮ್ಮ ನನಗೆ ಹೇಳಿದ ಮೊದಲನೇ ಸುಳ್ಳು ಅದು. ಅವನು ತಲೆ ತಗ್ಗಿಸಿಕೊಂಡು ಸೊರಸೊರ ಅಂತ ಉಣ್ತಿದ್ದ, ಕಿವಿ ಎರಡೂ ಕೆಂಪಗಾಗಿತ್ತು. ದೇವೀರಿ ಎಲೆಗೆ ಉಪ್ಪು ಬಡಿಸಿ, ಅವನ ಎಲೆಗೆ ಇನ್ನೊಂದು ಸೌಟು ಸಪ್ಪೆ ಸಾರು ಬಿಟ್ಟೆ. ಉಂಡ.